ನಗೋಯಾಕ್ಕೆ ಬರುತ್ತಿರುವವರಿಗೆ

ಜಪಾನ್ ಹಳೆಯದನ್ನೆಲ್ಲ ಬಿಟ್ಟು ಪಶ್ಚಿಮದವರ ಹಾಗೆ ಆಗಿಬಿಟ್ಟಿದೆಯಾ, ಅಲ್ಲಿನ ಬದುಕು ನಮಗೆ ಒಗ್ಗುತ್ತದಾ ಎಂದು ಕೇಳಿದ್ದೀರಿ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ನಗೋಯಾ ಕಡೆಗೆ ಬರುತ್ತಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ರಜೆಯಲ್ಲೇ ಊರೊಳಗಿನ ಟೊಯೋಟಾ ಮ್ಯೂಸಿಯಂ ನೋಡಿ. ಹಳೆಯ ನೇಯ್ಗೆ ಕಾರ್ಖಾನೆಯ ಜಾಗವದು. ಕಾರಿಗಿಂತ ಮೊದಲು ಮಗ್ಗಗಳೇ ಎದುರಾಗುತ್ತವೆ. ಟೊಯೋಟಾ ಕಂಪನಿಗಳ ಮೂಲಪುರುಷ ಸಕಿಚಿ ಟೊಯೋಡಾ ಬಡಗಿಯ ಮಗ. ಅವರ 1924ರ ಮಗ್ಗ ನೂಲು ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗಬಾರದು ಅನ್ನುವ ಹಟ! ಇವತ್ತಿಗೂ ತಪ್ಪು ಕಂಡ ಕೆಲಸಗಾರ ಕಾರಿನ ಲೈನನ್ನೇ ನಿಲ್ಲಿಸಬಹುದು. ಯಂತ್ರದ ವಿದ್ಯೆ ಹೊರಗಿನಿಂದ ಬಂದಿರಬಹುದು, ಆ ಹಟ ಮಾತ್ರ ಇಲ್ಲಿನ ಕುಶಲಕರ್ಮಿಗಳದ್ದು.

1868ರಲ್ಲಿ ಆಳ್ವಿಕೆ ಸೇನಾ ದೊರೆಗಳ ಕೈಯಿಂದ ಚಕ್ರವರ್ತಿಗೆ ಮರಳಿತು, ಆ ಮೇಜಿ ಬದಲಾವಣೆಯಿಂದ ದೇಶ ರಾತ್ರೋರಾತ್ರಿ ಆಧುನಿಕವಾಯಿತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ರೈಲು, ದೇಶಕ್ಕೆಲ್ಲ ಶಾಲೆಯ ಕಾನೂನು ಎರಡೂ 1872ರಲ್ಲಿ ಬಂದವು, ನಿಜ. ಆದರೆ ಅದಕ್ಕೂ ಎಷ್ಟೋ ಮೊದಲು ತೆರಕೋಯಾ ಎಂಬ ಊರ ಶಾಲೆಗಳಲ್ಲಿ ರೈತರ, ವ್ಯಾಪಾರಿಗಳ ಮಕ್ಕಳು ಓದು, ಬರಹ, ಲೆಕ್ಕ ಕಲಿಯುತ್ತಿದ್ದರು. ಒಸಾಕಾದ ದೊಜಿಮಾದಲ್ಲಿ ಅಕ್ಕಿಯ ಫ್ಯೂಚರ್ಸ್ ವ್ಯಾಪಾರಕ್ಕೆ, ಅಂದರೆ ಮುಂದೆ ಕೊಡುವ ಅಕ್ಕಿಗೆ ಈಗಲೇ ಬೆಲೆ ಗೊತ್ತು ಮಾಡುವ ವ್ಯಾಪಾರಕ್ಕೆ, 1730ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ನೆಲ ಹದವಾಗಿತ್ತು, ಅಲ್ವಾ?

ನಗೋಯಾದಿಂದ ಇಸೆ ದೇಗುಲ ಹತ್ತಿರ, ರೈಲಿನಲ್ಲಿ ಹೋಗಿ ಬನ್ನಿ. ಪ್ರತಿ 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಅಳತೆಯಲ್ಲಿ ಹೊಸ ಗುಡಿ ಕಟ್ಟುತ್ತಾರೆ. ಕಳೆದ ಸಲ 2013, ಮುಂದಿನದು 2033. ಏಳನೇ ಶತಮಾನದಿಂದ ಬಂದ ಪದ್ಧತಿ. ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಜಾಸ್ತಿ ನಿಂತುಹೋಗಿ ಮತ್ತೆ ಶುರುವಾಯಿತು. ಪಟ್ಟದಕಲ್ಲಿನಲ್ಲಿ ನಾವು ಹಳೆಯ ಕಲ್ಲನ್ನು ಮುಟ್ಟುತ್ತೇವೆ. ಇಸೆಯಲ್ಲಿ ಮರ ಹೊಸದು, ಕೈಯ ಕೆಲಸ ಹಳೆಯದು. ಹಿರಿಯ ಬಡಗಿಯ ಪಕ್ಕದಲ್ಲಿ ನಿಂತು ಕಿರಿಯ ಕಲಿಯುತ್ತಾನೆ. ನನಗೆ ಈ ದೇಶ ಸ್ವಲ್ಪವಾದರೂ ಅರ್ಥವಾಗಿದ್ದು ಅಲ್ಲೇ.

ಹಾಗಂತ ಕಂಡಿದ್ದನ್ನೆಲ್ಲ ಸುಮ್ನೆ ಪರಂಪರೆ ಎಂದು ಒಪ್ಪಿಕೊಳ್ಳಬೇಡಿ. ಮೇಜಿ ಕಾಲದ ಶುರುವಿನಲ್ಲಿ ಎಷ್ಟೋ ಬೌದ್ಧ ದೇಗುಲಗಳನ್ನು ಒಡೆದವರೂ ಇಲ್ಲಿಯವರೇ. ರಾತ್ರಿ ಹತ್ತರವರೆಗೆ ಆಫೀಸಿನಲ್ಲಿ ಕೂರುವುದು ಸಾವಿರ ವರ್ಷದ ಸಂಸ್ಕೃತಿಯಲ್ಲ, ಯುದ್ಧದ ನಂತರ ಕಂಪನಿಗಳಲ್ಲಿ ಬೇರೂರಿದ ರೂಢಿ. 2019ರಿಂದ ಓವರ್‌ಟೈಮಿಗೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆಯ ಮಿತಿ ಕಾನೂನಿನಲ್ಲೇ ಇದೆ. ಆರೋಗ್ಯ ನೋಡಿಕೊಳ್ಳಿ.

ಹೊರಡುವ ಮೊದಲು ಜಪಾನಿಯರ ಅಕ್ಷರಮಾಲೆ ಹಿರಗಾನ ಕಲಿತುಬಿಡಿ. ಅ ಇ ಉ ಎ ಒ, ಆಮೇಲೆ ಕ ಸ ತ ನ. ನಮ್ಮ ವರ್ಣಮಾಲೆಯ ಜಾಡೇ! ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕಾಗಿ ಭಾರತದ ಹಳೆಯ ಸಿದ್ಧಂ ಲಿಪಿ ಓದಿದ್ದರ ಫಲ ಇದು. ಇಲ್ಲಿನ ಸಮಾಧಿಗಳ ಹತ್ತಿರ ನಿಲ್ಲಿಸುವ ಮರದ ಹಲಗೆಗಳ ಮೇಲೆ ಆ ಲಿಪಿಯನ್ನು ಈಗಲೂ ಬರೆಯುತ್ತಾರೆ. ಕನ್ನಡ ಬಲ್ಲವರಿಗೆ ಹಿರಗಾನ ಬೇಗ ಬರುತ್ತದೆ. ಚೀನಾದಿಂದ ಬಂದ ಚಿತ್ರಾಕ್ಷರಗಳಾದ ಕಾಂಜಿಗೆ ಮಾತ್ರ ಸಮಯ ಬೇಕು.