ಪ್ರತಿಕ್ರಿಯೆ: ಲಕೆನ್‌ಬಾಕ್‌ಗೆ ಅಪ್ಪ, ಅಮ್ಮನನ್ನು ಕರೆದೊಯ್ಯಬಹುದೇ?

ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಿಂದ, ಕಂಟ್ರಿ ಸಂಗೀತಕ್ಕೆ (ಅಮೆರಿಕದ ಹಳ್ಳಿಗಾಡಿನ ಹಾಡುಗಳಿಗೆ) ಹೆಸರಾದ ಅದೇ ರಾಜ್ಯದ ಪುಟ್ಟ ಊರು ಲಕೆನ್‌ಬಾಕ್‌ಗೆ ಹೋದರೆ, ಆ ಸಂಗೀತ ತಿಳಿಯದ ಅಪ್ಪ, ಅಮ್ಮನಿಗೆ ಬೇಸರವಾದೀತೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕರೆದುಕೊಂಡು ಹೋಗಿ, ಆದರೆ ದೊಡ್ಡ ಕಾರ್ಯಕ್ರಮದ ಟಿಕೆಟ್ ಕೊಳ್ಳಬೇಡಿ. ಹೊತ್ತು ಇಳಿದಾಗ ಓಕ್ ಮರಗಳ ಕೆಳಗೆ ಗಿಟಾರ್ ಹಿಡಿದವರು ದುಂಡಗೆ ಕುಳಿತು ಸರದಿಯಂತೆ ಹಾಡುತ್ತಾರೆ. ಅಲ್ಲಿನ ನಿಜವಾದ ರುಚಿ ಅದೇ. ಊರೆಂದರೆ ಹಿಂದೆ ಅಂಚೆ ಕಚೇರಿಯೂ ಆಗಿದ್ದ ಹಳೆಯ ಅಂಗಡಿ, ಒಂದು ನೃತ್ಯಶಾಲೆ, ಅಷ್ಟೇ. 1970ರ ಸುಮಾರಿಗೆ ಹೊಂಡೋ ಕ್ರೌಚ್ ಎಂಬಾತ ಗೆಳೆಯರೊಂದಿಗೆ ಸೇರಿ ಊರನ್ನೇ ಕೊಂಡುಬಿಟ್ಟಿದ್ದ! ನನ್ನ ತಾಯಿಗೆ ಹಾಡಿನ ಒಂದು ಪದವೂ ತಿಳಿಯಲಿಲ್ಲ. ಕಾಲಬುಡದಲ್ಲಿ ಮಣ್ಣು ಕೆದಕುತ್ತಿದ್ದ ಹುಂಜವನ್ನು ನೋಡುತ್ತ ಎರಡು ಗಂಟೆ ಕುಳಿತಿದ್ದರು. ಜುಲೈ, ಆಗಸ್ಟ್ ಬಿಸಿಲು ಮಾತ್ರ ಬೇಡ. ತಂದೆಯವರಿಗೆ ಬೆನ್ನುನೋವು ಎಂದಿದ್ದೀರಿ. ಬೆಂಚುಗಳಿಗೆ ಒರಗು ಇಲ್ಲ, ಕಾರಿನಲ್ಲಿ ಮಡಚುವ ಕುರ್ಚಿಯೊಂದು ಇರಲಿ.