ಸಿಗರೇಟು ಬಿಟ್ಟು ಗಾಂಜಾ ಸೇದಿದರೆ ಅಪಾಯ ಕಡಿಮೆಯಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ವಯಸ್ಸು 24, ದಿನಕ್ಕೆ ಹತ್ತು ಸಿಗರೇಟು, ವಾರದ ಕೊನೆಗೆ ಗೆಳೆಯರ ಜೊತೆ ಒಂದೆರಡು ಜಾಯಿಂಟ್ (ಗಾಂಜಾ ಸುತ್ತಿದ ಸಿಗರೇಟು). "ಗಾಂಜಾ ಅಂದ್ರೆ ಗಿಡಮೂಲಿಕೆ ಕಣೋ, ಅದರಿಂದ ಕ್ಯಾನ್ಸರ್ ಬರಲ್ಲ" ಅಂತ ಗೆಳೆಯ ಹೇಳಿದ್ದಾನೆ. ಹಾಗಿದ್ದರೆ ಸಿಗರೇಟು ಬಿಟ್ಟು ಪೂರ್ತಿ ಗಾಂಜಾಕ್ಕೇ ಹೊರಳಿದರೆ ಹೇಗೆ?

ನಾನು ಡಾಕ್ಟರ್ ಅಲ್ಲ. ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಎದುರಿಗೆ ಕೂತವರ ಬಾಯಿಗೆ ಕೊಳವೆ ಕೊಟ್ಟು, ಮೂಗಿಗೆ ಕ್ಲಿಪ್ ಹಾಕಿ, "ಊದಿ, ಊದಿ, ಇನ್ನೂ ಊದಿ" ಎಂದು ದಿನವಿಡೀ ಕೂಗುವುದು ನನ್ನ ಕೆಲಸ. ಬರೀ ಸಿಗರೇಟು ಸೇದುವವರು, ಬರೀ ಗಾಂಜಾ ಸೇದುವವರು, ಎರಡೂ ಸೇದುವವರು ಎಲ್ಲರೂ ಆ ಕುರ್ಚಿಯಲ್ಲಿ ಕೂತಿದ್ದಾರೆ.

ನೇರ ಉತ್ತರ ಬೇಕಿದ್ದರೆ: ಸಾವಿನ ಲೆಕ್ಕದಲ್ಲಿ ಗಾಂಜಾ ತಂಬಾಕಿನ ಹತ್ತಿರಕ್ಕೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ವೈದ್ಯರನ್ನೇ ಹಿಡಿದು ಅಧ್ಯಯನ ಶುರು ಮಾಡಿದರು. ಐವತ್ತು ವರ್ಷ ಬೆನ್ನು ಹತ್ತಿದ ಮೇಲೆ 2004ರಲ್ಲಿ ಬಂದ ಫಲಿತಾಂಶ: ಸಿಗರೇಟು ಬಿಡದೆ ಸೇದಿದವರ ಆಯುಸ್ಸು ಸರಾಸರಿ 10 ವರ್ಷ ಕಡಿಮೆ. ಇಂಥ ಅಂಕಿ ಗಾಂಜಾದ ಮೇಲೆ ಯಾರೂ ಹೊರಿಸಿಲ್ಲ.

ಹಾಗಂತ ನಿಮ್ಮ ಗೆಳೆಯ ಗೆದ್ದ ಎಂದುಕೊಳ್ಳಬೇಡಿ. ತಂಬಾಕು ಹೆಚ್ಚು ಕೊಲ್ಲುವುದು ಗಾಂಜಾದ ಹೊಗೆ ಒಳ್ಳೆಯದು ಎಂಬ ಕಾರಣಕ್ಕಲ್ಲ. ತಂಬಾಕಿನಲ್ಲಿ ನಿಕೋಟಿನ್ ಇದೆ, ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಇದೆ. ಈ ಎರಡನ್ನು ಪಕ್ಕಕ್ಕಿಟ್ಟರೆ ಮಿಕ್ಕ ಹೊಗೆ ಬಹುಮಟ್ಟಿಗೆ ಒಂದೇ. ಯಾವ ಸೊಪ್ಪು ಸುಟ್ಟರೂ ಟಾರ್ ಎಂಬ ಅಂಟು ಮಸಿ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಬೆಂಜೀನ್ ಬರುತ್ತದೆ. ಕೆನಡಾದ ಸರ್ಕಾರಿ ಪ್ರಯೋಗಾಲಯದವರು 2007ರ ಹೊತ್ತಿಗೆ ಎರಡನ್ನೂ ಯಂತ್ರಕ್ಕಿಟ್ಟು ಸುಟ್ಟು ನೋಡಿದಾಗ ಗಾಂಜಾ ಹೊಗೆಯಲ್ಲಿ ಅಮೋನಿಯಾ ತಂಬಾಕಿಗಿಂತ ಸುಮಾರು 20 ಪಟ್ಟು ಸಿಕ್ಕಿತ್ತು. ಗಿಡಮೂಲಿಕೆ ಎಂಬ ವಾದ ನನಗೆ ಯಾವತ್ತೂ ಅರ್ಥವಾಗಿಲ್ಲ. ತಂಬಾಕು ಕೂಡ ಹೊಲದಲ್ಲಿ ಬೆಳೆಯುವ ಗಿಡವೇ ಅಲ್ಲವೇ?

ಇನ್ನು ಸೇದುವ ರೀತಿ. ಸಿಗರೇಟು ಸೇದುವವರು ಸಣ್ಣ ದಮ್ಮು ಎಳೆದು ಮಾತಿನ ನಡುವೆಯೇ ಹೊಗೆ ಬಿಟ್ಟುಬಿಡುತ್ತಾರೆ. ಗಾಂಜಾದವರು ಎದೆ ತುಂಬ ಎಳೆದು, ತುಟಿ ಬಿಗಿಹಿಡಿದು, ಉಸಿರು ಕಟ್ಟಿ ಕೂರುತ್ತಾರೆ, ತಡೆಯಲಾರದೆ ಕೆಮ್ಮು ಬಂದಾಗಷ್ಟೇ ಹೊಗೆ ಹೊರಗೆ. ಸರಿಯಾದ ಫಿಲ್ಟರ್ ಇರುವುದಿಲ್ಲ, ಬೆರಳು ಸುಡುವ ತನಕ ತುಂಡನ್ನು ಬಿಡುವುದೂ ಇಲ್ಲ. ಇದನ್ನೇ ಅಮೆರಿಕದಲ್ಲಿ ಶ್ವಾಸಕೋಶ ತಜ್ಞ ಡೊನಾಲ್ಡ್ ಟ್ಯಾಷ್ಕಿನ್ ಅವರ ತಂಡ ಅಳೆದು 1988ರಲ್ಲಿ ಪ್ರಕಟಿಸಿತು: ಒಂದೊಂದನ್ನೇ ಹೋಲಿಸಿದರೆ ಗಾಂಜಾ ಸೇದಿದಾಗ ಒಳಗೆ ಹೋಗುವ ಟಾರ್ ಸುಮಾರು 3 ಪಟ್ಟು, ರಕ್ತಕ್ಕೆ ಸೇರುವ ಕಾರ್ಬನ್ ಮಾನಾಕ್ಸೈಡ್ ಸುಮಾರು 5 ಪಟ್ಟು. ಉಸಿರು ಕಟ್ಟಿ ಹಿಡಿದರೆ ಅಮಲು ಜಾಸ್ತಿ ಎಂಬ ನಂಬಿಕೆಗೂ ಹೇಳಿಕೊಳ್ಳುವಂಥ ಆಧಾರವಿಲ್ಲ. ಟಿಎಚ್‌ಸಿ ಕ್ಷಣಗಳಲ್ಲೇ ರಕ್ತ ಸೇರಿರುತ್ತದೆ, ಆಮೇಲೆ ಹಿಡಿದಿಟ್ಟುಕೊಳ್ಳುವುದು ಟಾರನ್ನು.

ಹಾಗಾದರೆ ಗಾಂಜಾ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಇನ್ನೂ ಹೆಚ್ಚು ಬರಬೇಕಿತ್ತಲ್ಲ? ಅದೇ ವಿಚಿತ್ರ. ಹಾಗೆ ಕಂಡಿಲ್ಲ. ಅದೇ ಟ್ಯಾಷ್ಕಿನ್, ನಂಟು ಸಿಕ್ಕೇ ಸಿಗುತ್ತದೆ ಎಂದುಕೊಂಡು ಲಾಸ್ ಏಂಜಲೀಸಿನಲ್ಲಿ ಹುಡುಕಿ 2006ರಲ್ಲಿ ಸಿಗಲಿಲ್ಲ ಎಂದು ಬರೆದರು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿಯೂ ಅದನ್ನೇ ಹೇಳಿತು. ನಿಮ್ಮ ಗೆಳೆಯ ಎಲ್ಲೋ ಓದಿರುವುದು ಇದನ್ನೇ ಇರಬೇಕು. ಆದರೆ ಲೆಕ್ಕ ಹಾಕಿ ನೋಡಿ. ಸಿಗರೇಟಿನ ಚಟದವರು ದಿನಕ್ಕೆ 20ರಂತೆ ನಲವತ್ತು ವರ್ಷ ಸೇದುತ್ತಾರೆ, ಹತ್ತಿರ ಹತ್ತಿರ 3 ಲಕ್ಷ ಸಿಗರೇಟು. ಗಾಂಜಾದಲ್ಲಿ ಆ ಮಟ್ಟ ಮುಟ್ಟುವವರು ತೀರಾ ವಿರಳ, ಬಹಳ ಮಂದಿ ಮದುವೆ, ಮಕ್ಕಳು, ನೌಕರಿ ಅಂತಾದ ಮೇಲೆ ಬಿಟ್ಟೂಬಿಡುತ್ತಾರೆ. ದಿನವೂ ಐದಾರು ಜಾಯಿಂಟ್‌ನಂತೆ ಮೂವತ್ತು ನಲವತ್ತು ವರ್ಷ ಸೇದಿದ, ತಂಬಾಕು ಮುಟ್ಟದ ಸಾವಿರಾರು ಜನ ಅಧ್ಯಯನಕ್ಕೆ ಸಿಕ್ಕರೆ ಆಗ ಮಾತಾಡೋಣ.

ನನ್ನ ಯಂತ್ರದಲ್ಲೂ ಇದೇ ಗೊಂದಲ ಕಾಣುತ್ತದೆ. ಹಳೆಯ ಸಿಗರೇಟು ಸೇದುಗರ ಗ್ರಾಫ್ ನೋಡಿದ ಕೂಡಲೇ ಗೊತ್ತಾಗುತ್ತದೆ: ಮೊದಲ ಸೆಕೆಂಡಿನಲ್ಲಿ ರಭಸವಾಗಿ ಹೊರಬರಬೇಕಾದ ಗಾಳಿ ಬರುವುದೇ ಇಲ್ಲ, ಗೆರೆ ಜೋತುಬಿದ್ದು ಹತ್ತು ಸೆಕೆಂಡ್ ಕಳೆದರೂ ಎಳೆಯುತ್ತಲೇ ಇರುತ್ತದೆ. ಬರೀ ಗಾಂಜಾ ಸೇದುವವರಲ್ಲಿ ಎಷ್ಟೋ ಸಲ ಅಂಕಿಗಳು ಚೆನ್ನಾಗಿಯೇ ಇರುತ್ತವೆ. ಐದು ಸಾವಿರಕ್ಕೂ ಹೆಚ್ಚು ಜನರನ್ನು ಇಪ್ಪತ್ತು ವರ್ಷ ಗಮನಿಸಿ 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲೂ ಅಪರೂಪಕ್ಕೆ ಸೇದುವವರ ಶ್ವಾಸಕೋಶದ ಬಲ ಕುಗ್ಗಿರಲಿಲ್ಲ. ಆದರೆ ಪರೀಕ್ಷೆಯ ನಡುವೆ ಅವರೂ ನಿಲ್ಲಿಸಿ ಕೆಮ್ಮುತ್ತಾರೆ. ಬೆಳಗಿನ ಕಫ, ಎದೆಯಲ್ಲಿ ಗೊರಗೊರ, ಮೇಲಿಂದ ಮೇಲೆ ಬ್ರಾಂಕೈಟಿಸ್ (ಶ್ವಾಸನಾಳಗಳ ಉರಿಯೂತ), ಇವು ಗಾಂಜಾಕ್ಕೂ ಖಚಿತವಾಗಿ ಅಂಟಿಕೊಂಡಿರುವ ತೊಂದರೆಗಳು. ಬಿಟ್ಟರೆ ಬಹುಪಾಲು ಕಡಿಮೆಯಾಗುತ್ತವೆ, ಅದೊಂದು ಸಮಾಧಾನ.

ಹೃದಯದ ವಿಷಯ ಚುಟುಕಾಗಿ ಹೇಳುತ್ತೇನೆ. ತಂಬಾಕಿನಲ್ಲಿ ಕಡಿಮೆ ಸೇದಿದರೆ ಪರವಾಗಿಲ್ಲ ಎಂಬುದೇ ಇಲ್ಲ: ದಿನಕ್ಕೆ ಒಂದೇ ಒಂದು ಸಿಗರೇಟು ಸೇದಿದರೂ 20 ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಅರ್ಧದಷ್ಟು ಬಂದುಬಿಡುತ್ತದೆ ಎಂದು 2018ರ ವಿಶ್ಲೇಷಣೆಯೊಂದು ತೋರಿಸಿತು. ಗಾಂಜಾ ಎದೆಬಡಿತವನ್ನು ಏಕಾಏಕಿ ಏರಿಸುತ್ತದೆ. 2024ರಲ್ಲಿ ಬಂದ, ಅಮೆರಿಕದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ದಿನವೂ ಗಾಂಜಾ ಬಳಸುವವರಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 25%, ಪಾರ್ಶ್ವವಾಯುವಿನದು 42% ಹೆಚ್ಚು ಕಂಡಿತು.

ಗೆಳೆಯ ನಿಮಗೆ ಹೇಳದೆ ಬಿಟ್ಟಿರುವುದು ತಲೆಯ ವಿಷಯ. ಸಿಗರೇಟು ಸೇದಿ ಯಾರೂ ಅರ್ಧ ಗಂಟೆಯಲ್ಲಿ "ಎಲ್ಲರೂ ನನ್ನನ್ನೇ ನೋಡ್ತಿದಾರೆ" ಎಂದು ಬೆವರುವುದಿಲ್ಲ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45 ಸಾವಿರ ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೇರುವ ಹೊತ್ತಿಗೇ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬಂದದ್ದು 6 ಪಟ್ಟು ಹೆಚ್ಚು. ಬೇರೆ ಕಾರಣಗಳನ್ನು ಕಳೆದು ನೋಡಿದಾಗ ಆ ಅಂಕಿ ಇಳಿಯಿತು, ನಂಟು ಮಾತ್ರ ಹೋಗಲಿಲ್ಲ. ಯುರೋಪಿನ ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಟಿಎಚ್‌ಸಿ ಹೆಚ್ಚಿರುವ ಮಾಲನ್ನು ದಿನವೂ ಸೇದುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಸಾಧ್ಯತೆ ಸುಮಾರು 5 ಪಟ್ಟು. ಮಾಲು ಕೂಡ ಬದಲಾಗಿದೆ: ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ 4% ಇದ್ದದ್ದು 2014ಕ್ಕೆ 12% ಆಗಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ, ಅಣ್ಣನಿಗೋ ಚಿಕ್ಕಪ್ಪನಿಗೋ, ಇಂಥ ಕಾಯಿಲೆ ಇದ್ದರೆ ಈ ಹೋಲಿಕೆಯೇ ಬೇಡ, ಗಾಂಜಾ ನಿಮ್ಮ ಪಾಲಿಗೆ ಇಲ್ಲ ಎಂದುಕೊಳ್ಳಿ. ಸೇದಿ ಗಾಡಿ ಓಡಿಸುವುದಂತೂ ಬೇರೆಯವರ ಜೀವದ ಪ್ರಶ್ನೆ, ಸಿಗರೇಟಿಗೆ ಆ ದೋಷವಿಲ್ಲ.

ಚಟದ ಲೆಕ್ಕದಲ್ಲಿ ಮತ್ತೆ ತಂಬಾಕೇ ಮುಂದೆ. 1994ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ ತಂಬಾಕು ಮುಟ್ಟಿದವರಲ್ಲಿ 32% ಜನ ಅದಕ್ಕೆ ಅಂಟಿಕೊಂಡಿದ್ದರು, ಗಾಂಜಾದಲ್ಲಿ 9%. ಗಾಂಜಾ ಚಟವೇ ಅಲ್ಲ ಎನ್ನುವವರಿಗೆ ಆ 9% ಕಾಣುವುದಿಲ್ಲ. ಬಿಟ್ಟ ಮೊದಲ ವಾರ ನಿದ್ದೆ ಬಾರದೆ, ಊಟ ಸೇರದೆ, ಕಂಡಕಂಡವರ ಮೇಲೆ ಸಿಡುಕುವುದು ಎಷ್ಟೋ ಜನರಲ್ಲಿ ನಡೆಯುತ್ತದೆ.

ಈಗ ನಿಮ್ಮ ಬದಲಾವಣೆಯ ಯೋಜನೆಗೆ ಬರುತ್ತೇನೆ. ವಾರದ ಕೊನೆಗೆ ಸೇದುವ ಜಾಯಿಂಟ್‌ನಲ್ಲಿ ಏನಿರುತ್ತದೆ? ನನ್ನೆದುರು ಕೂತವರಲ್ಲಿ ಹೆಚ್ಚಿನವರು ಸಿಗರೇಟು ಬಿಚ್ಚಿ, ಅದರ ತಂಬಾಕನ್ನು ಅಂಗೈ ಮೇಲೆ ಸುರಿದು, ಗಾಂಜಾ ಬೆರೆಸಿ ಸುತ್ತುವವರು. ನೀವೂ ಹಾಗೇ ಮಾಡುತ್ತಿದ್ದರೆ ಸಿಗರೇಟು ಬಿಟ್ಟಂತೆ ಆಗುವುದೇ ಇಲ್ಲ. ಹತ್ತು ಸಿಗರೇಟಿನ ನಿಕೋಟಿನ್ ತಪ್ಪಿದ ದೇಹ ಅದನ್ನು ಜಾಯಿಂಟ್‌ನಲ್ಲಿ ಹುಡುಕುತ್ತದೆ, ವಾರಕ್ಕೆ ಎರಡಿದ್ದದ್ದು ದಿನಕ್ಕೆ ಎರಡಾಗುತ್ತದೆ, ಆಗ ಎರಡರ ಅಪಾಯವೂ ನಿಮ್ಮದೇ. ಬಿಡುವುದಾದರೆ ಮೊದಲು ಸಿಗರೇಟನ್ನೇ ಬಿಡಿ. ನಿಕೋಟಿನ್ ಪ್ಯಾಚ್, ಗಮ್ ಇವೆ, ವೈದ್ಯರು ಬರೆದುಕೊಡುವ ವರೆನಿಕ್ಲಿನ್ ಮಾತ್ರೆ ಇದೆ. ಮೊದಲ ಎರಡು ಮೂರು ದಿನ ಕಷ್ಟ, ಮೂರು ನಾಲ್ಕು ವಾರಕ್ಕೆ ಹಿಡಿತ ಸಡಿಲವಾಗುತ್ತದೆ. ಅದೇ ಬ್ರಿಟಿಷ್ ವೈದ್ಯರ ಅಧ್ಯಯನದಲ್ಲಿ 30ರ ಹೊತ್ತಿಗೆ ಬಿಟ್ಟವರು ಕಳೆದುಕೊಳ್ಳಬೇಕಿದ್ದ ಹತ್ತು ವರ್ಷವನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಂಡರು. ನಿಮಗಿನ್ನೂ 24.

ಇನ್ನೊಂದು ಮಾತು, ಇದು ನಮ್ಮ ಕಡೆಯ ಅನುಕೂಲಕ್ಕೆ. "ಸ್ಮೋಕ್ ಮಾಡ್ತೀರಾ?" ಎಂದರೆ ಬರೀ ಗಾಂಜಾ ಸೇದುವವರು ತಲೆಯಾಡಿಸಿ ಇಲ್ಲ ಎನ್ನುತ್ತಾರೆ, ಫಾರ್ಮ್‌ನಲ್ಲಿ ನಾವೂ ಹಾಗೇ ಬರೆದುಕೊಳ್ಳುತ್ತೇವೆ. ಪರೀಕ್ಷೆಗೋ ಆಪರೇಷನ್‌ಗೋ ಹೋದಾಗ ಅದನ್ನೂ ಬಾಯಿಬಿಟ್ಟು ಹೇಳಿ. ದಿನವೂ ಸೇದುವವರಿಗೆ ಅರಿವಳಿಕೆಯ ಪ್ರಮಾಣ ಹೆಚ್ಚು ಬೇಕಾಗಬಹುದು, ಅದು ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿದಿರಬೇಕು.