ಲ್ಯಾಬ್ ವರದಿ ಹೇಳಿದ್ದೊಂದು, ಹೆಡ್‌ಲೈನ್ ಹೇಳಿದ್ದೊಂದು

ಓದುಗರ ಪತ್ರ

‘ದಾವಣಗೆರೆಯಲ್ಲಿ ಅಪ್ಪನ ಕಾಲದಿಂದ ಕಡ್ಲೆಕಾಯಿ ಎಣ್ಣೆ ಮಿಲ್ ನಡೆಸುತ್ತಿದ್ದೇವೆ. ಆಹಾರ ಸುರಕ್ಷತಾ ಅಧಿಕಾರಿಗಳು ಬಂದು ಸ್ಯಾಂಪಲ್ ತೆಗೆದುಕೊಂಡು ಹೋದರು. ಎಣ್ಣೆ ಸರಿಯಾಗಿದೆ, ಲೇಬಲ್ ಮೇಲೆ ಬ್ಯಾಚ್ ನಂಬರ್ ಮತ್ತು ಪ್ಯಾಕ್ ಮಾಡಿದ ತಾರೀಖು ಇಲ್ಲ ಎಂದು ವರದಿ ಬಂತು. ಮೂರು ವಾರದ ಹಿಂದೆ ಇಲ್ಲಿನ ಒಂದು ದಿನಪತ್ರಿಕೆ “ವಿಷದ ಎಣ್ಣೆ ಮಾರಾಟ” ಎಂದು ದಪ್ಪಕ್ಷರದಲ್ಲಿ ಹಾಕಿ, ನಮ್ಮ ಗೇಟಿನ ಫೋಟೊ ಛಾಪಿಸಿತು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೆ ಒಬ್ಬ ವಕೀಲರು ಗ್ರಾಹಕರೊಬ್ಬರ ಪರವಾಗಿ ನೋಟಿಸ್ ಕಳಿಸಿ, ಅದೇ ಪತ್ರಿಕೆಗೆ ಫೋಟೊ ಸಮೇತ ಹೇಳಿಕೆ ಕೊಟ್ಟರು. “ಈ ಎಣ್ಣೆಯಿಂದ ತೊಂದರೆಯಾದವರು ಬನ್ನಿ, ಫೀಸು ಬೇಡ, ಪರಿಹಾರ ಬಂದ ಮೇಲೆ ಪಾಲು ಕೊಡಿ” ಎಂದು ಅವರ ಹೆಸರಲ್ಲಿ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಮ್ಮ ವಕೀಲರನ್ನು ಬಿಟ್ಟು ನನಗೇ ಫೋನ್ ಮಾಡಿ ಸೆಟಲ್ ಮಾಡಿಕೊಳ್ಳಿ ಅಂದರು. ಒಂದು ಕೋಟಿಗೆ ಮಾನನಷ್ಟ ಕೇಸು ಹಾಕಿ ಆ ಪತ್ರಿಕೆಯ ಬಾಯಿ ಮುಚ್ಚಿಸುತ್ತೇನೆ. ನಾವು ನಿಮಗೆ ಜಾಹೀರಾತು ಕೊಡುವವರು. ಇಬ್ಬರ ಹೆಸರೂ ಹಾಕಿ ನೀವು ಬರೆಯಬೇಕು. ನೀವೂ ಸುಮ್ಮನಿದ್ದರೆ ಹೇಗೆ?’

– ಎಣ್ಣೆ ಮಿಲ್ ಮಾಲೀಕರು, ದಾವಣಗೆರೆ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ

ಯಜಮಾನ್ರೇ,

ಜಾಹೀರಾತಿನ ಮಾತು ಮೊದಲೇ ಮುಗಿಸಿಬಿಡೋಣ. ನಿಮ್ಮ ಪತ್ರದ ಆ ಸಾಲನ್ನು ಬೇಕಂತಲೇ ಉಳಿಸಿದ್ದೇನೆ. ನೀವು ನಮ್ಮ ಜಾಹೀರಾತುದಾರರು ಅನ್ನೋದು ಈ ಉತ್ತರ ಓದುವ ಎಲ್ಲರಿಗೂ ಗೊತ್ತಿರಬೇಕು. ಮುಂದಿನ ತಿಂಗಳು ಜಾಹೀರಾತು ಕೊಡುವುದು, ಬಿಡುವುದು ನಿಮ್ಮಿಷ್ಟ. ಅದರಿಂದ ಇಲ್ಲಿ ಬರೆಯುವ ಒಂದು ಅಕ್ಷರವೂ ಬದಲಾಗುವುದಿಲ್ಲ.

ನೀವು ಕಳಿಸಿದ ಲ್ಯಾಬ್ ವರದಿ ಮತ್ತು ಪತ್ರಿಕೆಯ ಕಟಿಂಗ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ವರದಿಯಲ್ಲಿ ಒಂದು ಪಟ್ಟಿ ಇದೆ. ಎಡಗಡೆ ಪರೀಕ್ಷೆಯ ಹೆಸರು, ನಡುವೆ ಇರಬೇಕಾದ ಪ್ರಮಾಣ, ಬಲಗಡೆ ನಿಮ್ಮ ಎಣ್ಣೆಯಲ್ಲಿ ಸಿಕ್ಕಿದ್ದು. ಕಡ್ಲೆಕಾಯಿ ಎಣ್ಣೆಗೆ ಅಯೋಡಿನ್ ಮೌಲ್ಯ (ಎಣ್ಣೆಯ ಗುಣ ತೋರಿಸುವ ಒಂದು ಅಂಕಿ) 85ರಿಂದ 99ರ ಒಳಗೆ ಇರಬೇಕು, ನಿಮ್ಮದು ಇದೆ. ಆರ್ಜಿಮೋನ್ ಅನ್ನುವ ಕಳೆಗಿಡದ ಬೀಜದ ವಿಷದ ಎಣ್ಣೆ ಬೆರೆತಿದೆಯಾ ಅನ್ನುವ ಪರೀಕ್ಷೆಯ ಮುಂದೆ ‘ಇಲ್ಲ’ ಎಂದಿದೆ. ಉಳಿದ ಸಾಲುಗಳೂ ಹಾಗೇ ಸರಿಯಾಗಿವೆ. ಕೊನೆಗೆ ಸಹಿಯ ಮೇಲೆ ವಿಶ್ಲೇಷಕರ ಅಭಿಪ್ರಾಯ ಒಂದೇ ಸಾಲು: ಮಿಸ್‌ಬ್ರಾಂಡೆಡ್, ಅಂದರೆ ಲೇಬಲ್ ಸರಿಯಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಇಂಥ ತಪ್ಪುಗಳಿಗೆ ಬೇರೆ ಬೇರೆ ಖಾನೆಗಳಿವೆ. ತಿಂದರೆ ಅಪಾಯ ಅನ್ನುವಂಥದ್ದು ‘ಅಸುರಕ್ಷಿತ’. ಅದು ನೇರ ಕ್ರಿಮಿನಲ್ ಕೇಸು. ಅದರಿಂದ ಸಾವಾದರೆ ಜೀವಾವಧಿ ಶಿಕ್ಷೆವರೆಗೂ ಹೋಗಬಹುದು. ಅಪಾಯವಿಲ್ಲ, ಆದರೆ ಗುಣಮಟ್ಟ ಸಾಲದು ಅನ್ನುವುದಕ್ಕೆ 5 ಲಕ್ಷ ರೂಪಾಯಿವರೆಗೆ ದಂಡ. ಲೇಬಲ್ ಸರಿಯಿಲ್ಲದ ಮಿಸ್‌ಬ್ರಾಂಡೆಡ್‌ಗೆ 3 ಲಕ್ಷದವರೆಗೆ. ಈ ಎರಡೂ ದಂಡದ ಪ್ರಕರಣಗಳು ಅಪರ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತವೆ. ನಿಮ್ಮ ವರದಿ ಕೊನೆಯ ಖಾನೆಯದ್ದು. ಪತ್ರಿಕೆ ಅದನ್ನು ಮೊದಲ ಖಾನೆಗೆ ಎತ್ತಿ ಹಾಕಿದೆ. ‘ವಿಷ’ ಅನ್ನುವುದಕ್ಕೆ ವರದಿಯಲ್ಲಿ ಎಲ್ಲೂ ಆಧಾರವಿಲ್ಲ. ಇದನ್ನು ಭಿನ್ನಾಭಿಪ್ರಾಯ ಅಂತ ಕರೆಯೋಕಾಗಲ್ಲ. ಸುದ್ದಿ ತಪ್ಪಾಗಿದೆ, ಅಷ್ಟೇ.

ಆದರೆ ಒಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ನಿಮ್ಮ ಬಗ್ಗೆ ಸುದ್ದಿ ಬರೆದಿದ್ದೇ ತಪ್ಪು ಅನ್ನುವ ಧಾಟಿ ನಿಮ್ಮ ಪತ್ರದುದ್ದಕ್ಕೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಅಡುಗೆ ಎಣ್ಣೆಯ ವಿಷಯದಲ್ಲಿ ಪತ್ರಿಕೆಗಳು ಕಣ್ಣಿಡಲೇಬೇಕು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೆರೆತು ಹತ್ತಾರು ಜನ ಸತ್ತರು. ಕಾಲು ಊದಿಕೊಂಡು, ಉಸಿರು ಸಿಗದೆ ಆಸ್ಪತ್ರೆ ಸೇರಿದವರು ಇನ್ನೂ ಜಾಸ್ತಿ. ಚಳ್ಳಕೆರೆ, ದಾವಣಗೆರೆ ಸೀಮೆಯಲ್ಲಿ ಕಡ್ಲೆಕಾಯಿ ಬೆಳೆಯುವ ರೈತನಿಂದ ಹಿಡಿದು ಮಂಡಕ್ಕಿಗೆ ಒಗ್ಗರಣೆ ಹಾಕುವವರವರೆಗೆ ಎಷ್ಟು ಮನೆಗಳ ಅನ್ನ ಈ ಎಣ್ಣೆಯಲ್ಲಿದೆ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ಅಂಥ ಊರಲ್ಲಿ ಒಂದು ಮಿಲ್ಲಿನ ಸ್ಯಾಂಪಲ್‌ನಲ್ಲಿ ತಪ್ಪು ಸಿಕ್ಕಿದರೆ ಅದು ಸುದ್ದಿಯೇ. ನಾವಾಗಿದ್ದರೂ ಬರೆಯುತ್ತಿದ್ದೆವು.

ಪತ್ರದಲ್ಲಿ ಎರಡು ಸಲ ‘ಬರೀ ಲೇಬಲ್ ತಾನೇ’ ಅಂದಿದ್ದೀರಿ. (ಜಾಗ ಸಾಲದೆ ಆ ಸಾಲುಗಳನ್ನು ಮೇಲಿನ ಪತ್ರದಿಂದ ಕೈಬಿಟ್ಟಿದ್ದೇನೆ.) ಬರೀ ಲೇಬಲ್ ಅಲ್ಲ ಯಜಮಾನ್ರೇ. ನಾಳೆ ಒಂದು ಬ್ಯಾಚಿನ ಎಣ್ಣೆ ಕೆಟ್ಟಿತು ಅಂತಿಟ್ಟುಕೊಳ್ಳಿ. ಮಂಡಿಪೇಟೆಯ ಅಂಗಡಿಗಳಿಗೆ ಹೋದ ಡಬ್ಬಿಗಳಲ್ಲಿ ಯಾವುದನ್ನು ವಾಪಸ್ ತರಿಸುತ್ತೀರಿ? ನಂಬರ್ ಇದ್ದರೆ ಅಷ್ಟೇ ಡಬ್ಬಿ ತರಿಸಬಹುದು. ಇಲ್ಲದಿದ್ದರೆ ಎಲ್ಲವನ್ನೂ ತರಿಸಬೇಕು, ಇಲ್ಲವೇ ಕಣ್ಣು ಮುಚ್ಚಿ ಕೂರಬೇಕು. ತಾರೀಖು ಇಲ್ಲದ ಡಬ್ಬಿ ಎಷ್ಟು ದಿನ ಕಪಾಟಿನಲ್ಲಿತ್ತು ಅಂತ ಕೊಳ್ಳುವ ಹೆಂಗಸಿಗೆ ಹೇಗೆ ಗೊತ್ತಾಗಬೇಕು? ಈ ತಪ್ಪನ್ನು ನೀವು ನೇರವಾಗಿ ಒಪ್ಪಿಕೊಂಡರೆ ಉಳಿದ ಜಗಳದಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ. ಇದನ್ನೂ ಸೇರಿಸಿ ಎಲ್ಲವೂ ಸುಳ್ಳು ಅಂದರೆ, ನಿಜವಾಗಿ ಸುಳ್ಳಾಗಿರುವುದನ್ನೂ ಜನ ನಂಬುವುದಿಲ್ಲ.

ಇನ್ನು ನಿಮ್ಮನ್ನು ಕೇಳದೆ ಬರೆದ ವಿಷಯ. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಗೇಟಿನ ತನಕ ಬಂದು ಫೋಟೊ ತೆಗೆದವರಿಗೆ ಒಳಗೆ ಬಂದು ‘ಏನು ಸ್ವಾಮಿ ಇದು’ ಅಂತ ಒಂದು ಮಾತು ಕೇಳೋಕೆ ಏನಡ್ಡಿ ಇತ್ತು? ಒಬ್ಬರ ಮೇಲೆ ಆರೋಪ ಬರೆಯುವ ಮುಂಚೆ ಅವರನ್ನು ಕೇಳಬೇಕು, ತಪ್ಪಾದರೆ ಬೇಗ ತಿದ್ದಬೇಕು, ಅವರ ಉತ್ತರಕ್ಕೆ ಜಾಗ ಕೊಡಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ಸೂತ್ರಗಳೇ ಹೇಳುತ್ತವೆ. ಈ ಕೆಲಸಕ್ಕೆ ಬರುವ ಹುಡುಗರಿಗೆ ನಾವು ಮೊದಲ ದಿನ ಹೇಳಿಕೊಡುವ ಪಾಠವೂ ಇದೇ. ಆ ಒಂದು ಹೆಡ್‌ಲೈನಿನಿಂದ ಅಂಗಡಿಯವರು ಡಬ್ಬಿ ವಾಪಸ್ ಕಳಿಸಿದರು, ಎರಡು ಪಾಳಿ ಇದ್ದದ್ದು ಒಂದಾಯಿತು ಎಂದು ಮೇಲೆ ಹಾಕದ ಸಾಲುಗಳಲ್ಲಿ ಬರೆದಿದ್ದೀರಿ. ನಿಂತ ಪಾಳಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲರ ಕೂಲಿಯೂ ನಿಂತಿದೆ. ಅವರು ಲೇಬಲ್ ಅಂಟಿಸಿದವರೂ ಅಲ್ಲ, ಸುದ್ದಿ ಬರೆದವರೂ ಅಲ್ಲ. ಆ ಪತ್ರಿಕೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಹೆಡ್‌ಲೈನನ್ನು ತಿದ್ದಿ ಎಂದು ಕೇಳಿಕೊಳ್ಳುತ್ತೇನೆ.

ಈಗ ನೀವು ಮಾಡಬೇಕಾದದ್ದು. ಮೊದಲು ಆ ಸಂಪಾದಕರಿಗೆ ಒಂದು ಪುಟದ ಪತ್ರ ಬರೆಯಿರಿ. ಯಾವ ತಾರೀಖು, ಯಾವ ಪುಟ, ಯಾವ ಪದ ತಪ್ಪು, ವರದಿಯಲ್ಲಿ ಏನಿದೆ, ಇಷ್ಟೇ. ವರದಿಯ ನಕಲು ಲಗತ್ತಿಸಿ. ಲೇಬಲ್ ತಪ್ಪು ನಮ್ಮದೇ ಅಂತ ಅದರಲ್ಲೇ ಬರೆಯಿರಿ. ಅದೇ ಪುಟದಲ್ಲಿ, ಎದ್ದು ಕಾಣುವ ಹಾಗೆ ತಿದ್ದುಪಡಿ ಹಾಕಿ ಎಂದು ಕೇಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಅವರು ಸ್ಪಂದಿಸದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಮೇಲಿನ ದೂರಿಗೆ ಸುದ್ದಿ ಬಂದ ದಿನದಿಂದ 2 ತಿಂಗಳು ಅವಕಾಶ. ನಿಮಗೆ ಮೂರು ವಾರ ಆಗಲೇ ಕಳೆದಿದೆ. ಸಂಪಾದಕರಿಗೆ ಮೊದಲು ಬರೆದಿದ್ದೀರಾ ಅಂತ ಮಂಡಳಿ ಕೇಳಿಯೇ ಕೇಳುತ್ತದೆ.

ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ. 1978ರ ಕಾಯ್ದೆಯ ಪ್ರಕಾರ ಅದು ಎಚ್ಚರಿಸಬಹುದು, ಖಂಡಿಸಬಹುದು, ಅಷ್ಟೇ. ಹಲ್ಲಿಲ್ಲದ ಸಂಸ್ಥೆ ಅಂತ ಬಹಳ ಜನ ಬೈಯುತ್ತಾರೆ. ಆದರೂ ‘ಈ ಸುದ್ದಿ ತಪ್ಪು’ ಎಂದು ಮಂಡಳಿ ಬರೆದುಕೊಟ್ಟ ಕಾಗದ ನಿಮ್ಮ ಕೈಯಲ್ಲಿದ್ದರೆ, ಡಬ್ಬಿ ವಾಪಸ್ ಕಳಿಸಿದ ಅಂಗಡಿಯವರಿಗೆ ಅದನ್ನು ತೋರಿಸಬಹುದು.

ಇಲ್ಲೊಂದು ಸೂಕ್ಷ್ಮ ಇದೆ, ಸರಿಯಾಗಿ ಕೇಳಿಸಿಕೊಳ್ಳಿ. ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯವನ್ನು ಮಂಡಳಿ ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ನಾಳೆಯೇ ನೀವು ಒಂದು ಕೋಟಿಯ ದಾವೆ ಹಾಕಿದರೆ ಮಂಡಳಿಯ ಬಾಗಿಲು ನಿಮಗೆ ನೀವೇ ಮುಚ್ಚಿಕೊಂಡ ಹಾಗೆ. ಮಾನನಷ್ಟ ಪರಿಹಾರದ ಸಿವಿಲ್ ದಾವೆಗೆ ಸುದ್ದಿ ಪ್ರಕಟವಾದ ದಿನದಿಂದ 1 ವರ್ಷ ಸಮಯವಿದೆ. ಹಾಗಾಗಿ ಮೊದಲು ಪತ್ರ, ಆಮೇಲೆ ಮಂಡಳಿ, ಕೋರ್ಟು ಕೊನೆಗೆ. ಮಂಡಳಿಯಲ್ಲಿ ಎಳೆದಾಡಿದರೆ ಆ 1 ವರ್ಷ ಮೀರದ ಹಾಗೆ ನಿಮ್ಮ ವಕೀಲರು ನೋಡಿಕೊಳ್ಳಬೇಕು.

ಕೋಟಿ ಎಂಬ ಅಂಕಿಯನ್ನು ಸ್ವಲ್ಪ ಯೋಚಿಸಿ. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟ್ ಫೀಸು ಮೊದಲೇ ಕಟ್ಟಬೇಕು. ಎಷ್ಟು ಡಬ್ಬಿ ವಾಪಸ್ ಬಂತು, ಎಷ್ಟು ಆರ್ಡರ್ ತಪ್ಪಿತು ಅನ್ನೋದಕ್ಕೆ ಬಿಲ್ಲು, ಲೆಡ್ಜರ್ ತೋರಿಸಬೇಕು. ಸಿಟ್ಟಿನಲ್ಲಿ ಬಾಯಿಗೆ ಬಂದ ಮೊತ್ತ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕ್ರಿಮಿನಲ್ ಮಾನಹಾನಿಯ ದಾರಿಯೂ ಇದೆ. ಹಿಂದಿನ ಐಪಿಸಿ 499, 500 ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. 2 ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಅದಕ್ಕೆ ಮ್ಯಾಜಿಸ್ಟ್ರೇಟ್ ಮುಂದೆ ನೀವೇ ಖಾಸಗಿ ದೂರು ಕೊಡಬೇಕು. ಒಂದು ತಪ್ಪು ಹೆಡ್‌ಲೈನಿಗೆ ವರದಿಗಾರನನ್ನು ಜೈಲಿಗೆ ಕಳಿಸಬೇಕು ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಕೇಳಿದಿರಿ, ಹೇಳಿದ್ದೇನೆ.

ಬಾಯಿ ಮುಚ್ಚಿಸುವ ಮಾತಂತೂ ಬೇಡವೇ ಬೇಡ. ವಿಚಾರಣೆಗೆ ಮುಂಚೆಯೇ ಒಂದು ಲೇಖನವನ್ನು ತಡೆಯುವ ಆದೇಶವನ್ನು ಸುಮ್ನೆ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಝೀ ಟಿವಿ ಕಂಪನಿ ನಡುವಿನ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲಿ ದೆಹಲಿಯ ಕೆಳಗಿನ ಕೋರ್ಟು ಕೊಟ್ಟಿದ್ದ ತಡೆಯನ್ನೇ ರದ್ದು ಮಾಡಿತು. ಇವತ್ತು ನಿಮ್ಮ ಮೇಲೆ ತಪ್ಪು ಬರೆದ ಪತ್ರಿಕೆಯೇ ನಾಳೆ ನಿಜವಾಗಿ ಕಲಬೆರಕೆ ಮಾಡುವವನ ಮೇಲೆ ಬರೆಯಬೇಕಾಗಿ ಬರಬಹುದು. ಅವನೂ ಇದೇ ತಡೆಯಾಜ್ಞೆ ಹಿಡಿದು ಓಡಿ ಬರುತ್ತಾನೆ.

ವಕೀಲರ ವಿಷಯಕ್ಕೆ ಬರುತ್ತೇನೆ. ನಿಮ್ಮ ವಿರುದ್ಧ ನೋಟಿಸ್ ಕೊಟ್ಟಿದ್ದು ತಪ್ಪಲ್ಲ. ಗ್ರಾಹಕರೊಬ್ಬರು ಬಂದು ಕೇಳಿದರೆ ಕೇಸು ಹಿಡಿಯುವುದು ಅವರ ವೃತ್ತಿ. ಆ ಕೇಸಿನಲ್ಲಿ ಹುರುಳಿಲ್ಲದಿದ್ದರೆ ಗ್ರಾಹಕರ ಆಯೋಗದಲ್ಲೇ ಅದು ಬಿದ್ದು ಹೋಗುತ್ತದೆ. ಆದರೆ ನೀವು ಬರೆದಿರುವ ಉಳಿದ ಮೂರು ಸಂಗತಿ ನಿಜವೇ ಆಗಿದ್ದರೆ ಅವು ಸಣ್ಣವಲ್ಲ. ತಾನು ಹಿಡಿದ ಕೇಸಿನ ಬಗ್ಗೆ ಪತ್ರಿಕೆಗೆ ಹೇಳಿಕೆ ಕೊಟ್ಟು, ಫೋಟೊ ಹಾಕಿಸಿಕೊಂಡು ಕಕ್ಷಿದಾರರನ್ನು ಸೆಳೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಿಷೇಧಿಸುತ್ತದೆ. ಬಂದ ಪರಿಹಾರದಲ್ಲಿ ಪಾಲು ಎಂದು ಫೀಸು ಮಾತಾಡುವುದನ್ನು 20ನೇ ನಿಯಮ ತಡೆಯುತ್ತದೆ. ಎದುರು ಕಕ್ಷಿಗೆ ವಕೀಲರಿದ್ದಾಗ ಅವರನ್ನು ದಾಟಿ ನೇರ ಸಂಧಾನ ಮಾಡಬಾರದು ಎಂದು 34ನೇ ನಿಯಮ ಹೇಳುತ್ತದೆ.

ಇದನ್ನು ಇಲ್ಲಿನ ವಕೀಲರ ಸಂಘಕ್ಕೆ ಒಯ್ದರೆ ಪ್ರಯೋಜನವಿಲ್ಲ, ಶಿಸ್ತು ಕ್ರಮದ ಅಧಿಕಾರ ಸಂಘಕ್ಕಿಲ್ಲ. ದೂರು ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಪ್ರಕಾರ ಮೂವರ ಶಿಸ್ತು ಸಮಿತಿ ವಿಚಾರಿಸುತ್ತದೆ. ವಾಗ್ದಂಡನೆ, ಅಮಾನತು, ಸನ್ನದು ಪಟ್ಟಿಯಿಂದ ಹೆಸರು ತೆಗೆಯುವುದು, ಈ ಎಲ್ಲ ಶಿಕ್ಷೆಯೂ ಅದರ ಕೈಯಲ್ಲಿದೆ. 1 ವರ್ಷದೊಳಗೆ ಮುಗಿಸಬೇಕು ಅನ್ನುವುದು ಕಾಯ್ದೆಯ ಮಾತು. ವಕೀಲರ ಮೇಲಿನ ದೂರನ್ನು ವಕೀಲರೇ ಕೇಳಿದರೆ ನ್ಯಾಯ ಸಿಗುತ್ತದಾ ಅಂತ ನೀವು ಕೇಳಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇದೆ.

ಅಲ್ಲಿ ಸಾಕ್ಷ್ಯವೇ ಮುಖ್ಯ. ನೀವು ಕಳಿಸಿದ ವಾಟ್ಸಾಪ್ ಚಿತ್ರದಲ್ಲಿ ಕಪ್ಪು ಕೋಟಿನ ಫೋಟೊ ಇದೆ, ಮೊಬೈಲ್ ನಂಬರ್ ಇದೆ. ಆದರೆ ಅದನ್ನು ಮಾಡಿದ್ದು ಆ ವಕೀಲರೇನಾ, ಅವರ ಹೆಸರು ಕೆಡಿಸಲು ಬೇರೆಯವರು ಮಾಡಿದ್ದಾ? ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ. ನಿಮಗೆ ಯಾರು ಕಳಿಸಿದರು, ಅವರಿಗೆ ಯಾರು ಕಳಿಸಿದರು ಅನ್ನೋದನ್ನು ಹಿಡಿಯಿರಿ. ಫೋನ್ ಕರೆಯ ದಿನ, ಹೊತ್ತು, ಆಡಿದ ಮಾತು ನೆನಪಿರುವಾಗಲೇ ಬರೆದಿಡಿ. ರೆಕಾರ್ಡಿಂಗ್ ಇದ್ದರೆ ಅಳಿಸಬೇಡಿ.

ಪತ್ರಿಕೆಯವರಿಗೂ ವಕೀಲರಿಗೂ ಒಳ ಒಪ್ಪಂದವಿದೆ ಎಂಬ ನಿಮ್ಮ ಸಾಲನ್ನು ನಾನು ತೆಗೆದಿದ್ದೇನೆ. ನೀವು ಕಳಿಸಿದ ಕಾಗದಗಳಲ್ಲಿ ಅದಕ್ಕೆ ಒಂದು ತುಣುಕು ಪುರಾವೆಯೂ ಇಲ್ಲ. ದುಡ್ಡು ಕೊಟ್ಟರೆ ಸುದ್ದಿ ನಿಲ್ಲಿಸುತ್ತೇವೆ ಅಂತ ಯಾರಾದರೂ ಬೆದರಿಸಿದ್ದರೆ ಅದು ಸುಲಿಗೆ. ಅದಕ್ಕೆ ಪೊಲೀಸ್ ಠಾಣೆ ಇದೆ. ಬರೀ ಅನುಮಾನವನ್ನು ನಾವು ಅಚ್ಚು ಹಾಕಿದರೆ ನಿಮಗಾದ ಅನ್ಯಾಯವನ್ನೇ ನಾವು ಇನ್ನೊಬ್ಬರಿಗೆ ಮಾಡಿದ ಹಾಗಾಗುತ್ತದೆ. ಇಬ್ಬರ ಹೆಸರನ್ನೂ ಹಾಕದಿರುವುದು ಇದೇ ಕಾರಣಕ್ಕೆ. ಅವರ ಮಾತನ್ನು ನಾವಿನ್ನೂ ಕೇಳಿಲ್ಲ.

ಕೇಳುತ್ತೇವೆ. ಆ ಸಂಪಾದಕರಿಗೂ ಆ ವಕೀಲರಿಗೂ ಈ ವಾರವೇ ನಮ್ಮ ಪ್ರಶ್ನೆಗಳನ್ನು ಕಳಿಸುತ್ತಿದ್ದೇವೆ. ಅವರು ಉತ್ತರ ಕೊಟ್ಟರೆ ಇದೇ ಪುಟದಲ್ಲಿ, ಇಷ್ಟೇ ಜಾಗದಲ್ಲಿ ಹಾಕುತ್ತೇವೆ. ನೀವು ಆ ಸಂಪಾದಕರಿಗೆ ಬರೆಯುವ ಪತ್ರದ ಒಂದು ನಕಲು ನಮಗೂ ಕಳಿಸಿ. ಬ್ಯಾಚ್ ನಂಬರ್, ತಾರೀಖು ಇರುವ ಹೊಸ ಲೇಬಲ್ ಮಾಡಿಸಿದ್ದರೆ ಅದರ ಫೋಟೊ ಕೂಡ ಬರಲಿ. ಎಲ್ಲವನ್ನೂ ಒಟ್ಟಿಗೇ ಪ್ರಕಟಿಸುತ್ತೇವೆ.

– ಸಂಪಾದಕ